ನಸ್ಸೌ: ಏನೂ ತಿನ್ನಲಿಲ್ಲ

ಅಪ್ಪನ ಹತ್ತಿರ ಒಂದು ನೋಟ್‌ಬುಕ್ ಇದೆ. ರಟ್ಟಿನ ಹೊದಿಕೆ, ಅಂಚು ಸವೆದು ನಾರು ನಾರಾಗಿದೆ. ಅಪ್ಪ ಸರ್ವೆಯರ್ ಆಗಿದ್ದವರು. 34 ವರ್ಷ ತಾಲ್ಲೂಕಿನಿಂದ ತಾಲ್ಲೂಕಿಗೆ ಸರಪಳಿ ಎಳೆದುಕೊಂಡು ಓಡಾಡಿದ್ದಾರೆ. ಯಾವ ಊರಿಗೆ ಹೋದರೂ ರಾತ್ರಿ ಮಲಗುವ ಮುಂಚೆ ಆ ಪುಸ್ತಕದಲ್ಲಿ ಒಂದೇ ಸಾಲು ಬರೆಯುತ್ತಾರೆ. ಎಷ್ಟು ನಡೆದೆ, ಏನು ತಿಂದೆ. ಅಷ್ಟೇ. ಹೋದ ಜನವರಿಯಲ್ಲಿ ಅರಸೀಕೆರೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಸುಮ್ನೆ ಅದನ್ನು ತಿರುವಿ ಹಾಕುತ್ತಾ ಕೂತಿದ್ದೆ. ದಾವಣಗೆರೆ, ಬೆಣ್ಣೆ ದೋಸೆ 2, ಆಮೇಲೆ ಇನ್ನೊಂದು. ಕ್ಯಾತ್ಸಂದ್ರ, ತಟ್ಟೆ ಇಡ್ಲಿ. ಗೋಕಾಕ, ಕರದಂಟು, ಮನೆಗೆ ಅರ್ಧ ಕೆಜಿ. ಹೀಗೆ ಪುಟ ಪುಟ. ಕೊನೆಯ ಕಡೆ ನಾವು 2023ರ ಮಾರ್ಚ್‌ನಲ್ಲಿ ಅವರನ್ನು ಫ್ಲಾರಿಡಾಗೆ, ಅಲ್ಲಿಂದ ಹಡಗಿನಲ್ಲಿ ಬಹಾಮಾಸ್ ದೇಶದ ನಸ್ಸೌಗೆ ಕರೆದುಕೊಂಡು ಹೋಗಿದ್ದ ಪ್ರವಾಸ ಬಂತು. ಅಲ್ಲಿ ಹೀಗಿತ್ತು: ನಸ್ಸೌ, 65 ಮೆಟ್ಟಿಲು, ಏನೂ ತಿನ್ನಲಿಲ್ಲ.

ಆ ಇಡೀ ಪುಸ್ತಕದಲ್ಲಿ 'ಏನೂ ತಿನ್ನಲಿಲ್ಲ' ಅಂತ ಇರುವುದು ಆ ಒಂದೇ ಕಡೆ. ಹುಡುಕಿದೆ, ಬೇರೆ ಎಲ್ಲೂ ಇಲ್ಲ. ಅಂದಿನಿಂದ ಆ ಸಾಲು ನನ್ನ ತಲೆಯಿಂದ ಹೋಗಿಲ್ಲ. ಯಾಕೆಂದರೆ ಆ ದಿನ ತಿನ್ನಬೇಡಿ ಅಂದವಳು ನಾನೇ.

ಅಪ್ಪ ಅಮ್ಮನನ್ನು ಅಮೆರಿಕಕ್ಕೆ ಕರೆಸಿಕೊಂಡವರೆಲ್ಲ ಮಾಡುವ ಪ್ರವಾಸವೇ ನಮ್ಮದೂ. ಅಟ್ಲಾಂಟಾದಿಂದ 7 ಗಂಟೆ ಕಾರು, 4 ದಿನ ಡಿಸ್ನಿ ವರ್ಲ್ಡ್, ಆಮೇಲೆ ಪೋರ್ಟ್ ಕೆನಾವರಲ್‌ನಿಂದ 4 ರಾತ್ರಿಯ ಹಡಗು. ನಾನು, ನನ್ನ ಗಂಡ, 7 ವರ್ಷದ ಮಗ, ಅಪ್ಪ, ಅಮ್ಮ. ಇಂಥ ಪ್ರವಾಸದ ತಯಾರಿ ಅಂದರೆ ಅರ್ಧಕ್ಕರ್ಧ ಊಟದ ತಯಾರಿ. ಡಿಸ್ನಿಯ ಕೂತು ತಿನ್ನುವ ರೆಸ್ಟೋರೆಂಟುಗಳಿಗೆ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ. ಬೆಳಿಗ್ಗೆ ಬೇಗ ಎದ್ದು ಫೋನ್ ಹಿಡಿದು ಕೂರಬೇಕು. 2 ತಿಂಗಳ ನಂತರ ಗುರುವಾರ ಮಧ್ಯಾಹ್ನ ಹನ್ನೆರಡೂವರೆಗೆ ನಮಗೆ ಹಸಿವಾಗುತ್ತದೆ ಅಂತ ಆವತ್ತೇ ತೀರ್ಮಾನ ಮಾಡಬೇಕು. ನಾನು ಅದನ್ನೆಲ್ಲ ಬಹಳ ಶ್ರದ್ಧೆಯಿಂದ ಮಾಡಿದೆ. ಎಕ್ಸೆಲ್ ಶೀಟಿನಲ್ಲಿ ದಿನಕ್ಕೊಂದು ಬಣ್ಣ, ಊಟಕ್ಕೆ ಹಸಿರು, ರೈಡ್‌ಗಳಿಗೆ ಹಳದಿ. ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಆದ್ದರಿಂದ ಎಲ್ಲೆಲ್ಲಿ ಏನೇನು ಸಿಗುತ್ತದೆ ಅಂತ ಇನ್ನೊಂದು ಶೀಟು.

ಅಮ್ಮನಿಗೆ ಆ ಶೀಟಿನ ಮೇಲೆ ನಂಬಿಕೆ ಇರಲಿಲ್ಲ. ಅವಳು ಚಪಾತಿ, ಚಟ್ನಿಪುಡಿ, ನಿಪ್ಪಟ್ಟು, ಹುರಿದ ಅವಲಕ್ಕಿ ಎಲ್ಲ ಒಂದು ಚೀಲಕ್ಕೆ ತುಂಬಿಸಿದಳು. ಡಿಸ್ನಿ ಪಾರ್ಕುಗಳಿಗೆ ಮನೆ ಊಟ ತೆಗೆದುಕೊಂಡು ಹೋಗಬಹುದು, ಗಾಜಿನ ಡಬ್ಬಿ ಇರಬಾರದು ಅಷ್ಟೇ. ಕೌಂಟರುಗಳಲ್ಲಿ ಕೇಳಿದರೆ ಲೋಟದಲ್ಲಿ ಐಸು ಹಾಕಿದ ನೀರನ್ನು ದುಡ್ಡಿಲ್ಲದೆ ಕೊಡುತ್ತಾರೆ. ಮೊದಲ ದಿನ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ನಾವು ಮೂವರು ಕ್ಯೂನಲ್ಲಿ ನಿಂತಿದ್ದಾಗ, ಅಪ್ಪ ಅಮ್ಮ ಕೋಟೆಯ ಹಿಂದಿನ ಒಂದು ಮರದ ನೆರಳಲ್ಲಿ ಬೆಂಚು ಹಿಡಿದು, ಮಡಿಲಲ್ಲಿ ಚಪಾತಿ ಇಟ್ಟುಕೊಂಡು, ಹೋಗುವವರನ್ನು ಬರುವವರನ್ನು ನೋಡುತ್ತಾ 2 ಗಂಟೆ ಕೂತಿದ್ದರು. ನಾವು ವಾಪಸ್ ಬಂದಾಗ ಅಮ್ಮನಿಗೆ ಪಕ್ಕದ ಬೆಂಚಿನ ಬ್ರೆಜಿಲ್ ಹೆಂಗಸಿನ ಮೊಮ್ಮಕ್ಕಳ ಲೆಕ್ಕವೆಲ್ಲ ಗೊತ್ತಾಗಿತ್ತು. ಇಬ್ಬರಿಗೂ ಇಂಗ್ಲಿಷ್ ಅಷ್ಟಕ್ಕಷ್ಟೇ. ನಿಪ್ಪಟ್ಟು ಮಾತ್ರ ಕೈ ಬದಲಾಗಿತ್ತು.

ಹನ್ನೊಂದು ದೇಶ, ಒಂದು ಸಂಜೆ

ಎರಡನೆಯ ದಿನ ಎಪ್ಕಾಟ್, ಡಿಸ್ನಿಯದ್ದೇ ಇನ್ನೊಂದು ಪಾರ್ಕ್. ಹೋದವರಿಗೆ ಗೊತ್ತಿರುತ್ತದೆ, ಒಂದು ಕೆರೆ, ಅದರ ಸುತ್ತ ಹನ್ನೊಂದು ದೇಶಗಳ ಬೀದಿಗಳು. ಮೆಕ್ಸಿಕೊ, ನಾರ್ವೆ, ಚೀನಾ ಅಂತ ಶುರುವಾಗಿ ಕೆನಡಾಗೆ ಮುಗಿಯುತ್ತದೆ. ಒಂದು ಸುತ್ತು ಹಾಕಿದರೆ ಹೆಚ್ಚು ಕಡಿಮೆ 2 ಕಿಲೋಮೀಟರ್. ಅಪ್ಪ ಹೆಜ್ಜೆ ಎಣಿಸಿ ಅದನ್ನು ಖಾತ್ರಿ ಮಾಡಿಕೊಂಡರು. 'ನಮ್ಮದು ಎಲ್ಲಿ' ಅಂತ ಅಮ್ಮ ಕೇಳಿದಳು. ಭಾರತ ಇಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಜಾಗ ಇದೆಯಲ್ಲ ಇನ್ನೂ' ಅಂದಳು.

ಈ ಎಪ್ಕಾಟ್ ಮೊದಲು ಪಾರ್ಕ್ ಆಗಬೇಕಿರಲಿಲ್ಲ. ವಾಲ್ಟ್ ಡಿಸ್ನಿ ಅಲ್ಲೊಂದು ನಿಜವಾದ ಊರನ್ನೇ ಕಟ್ಟಬೇಕು ಅಂದುಕೊಂಡಿದ್ದರು. 20,000 ಜನ ವಾಸ ಮಾಡುವ, ನಾಳೆಯ ಕಾಲದ ಊರು. 1966ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. 1982ರ ಅಕ್ಟೋಬರ್ 1ರಂದು ಎಪ್ಕಾಟ್ ಪಾರ್ಕ್ ಆಗಿ ತೆರೆಯಿತು. ಇದನ್ನು ಅಪ್ಪನಿಗೆ ಹೇಳಿದಾಗ ಅವರು ನಿಂತು ಸುತ್ತ ನೋಡಿದರು. 'ಅಂದ್ರೆ ರಾತ್ರಿ ಇಲ್ಲಿ ಯಾರೂ ಇರಲ್ಲ. ಯಾರೂ ತಮಗೇ ಅಂತ ಅಡುಗೆ ಮಾಡ್ಕೊಳ್ಳಲ್ಲ' ಅಂದರು. ಅವರ ಲೆಕ್ಕದಲ್ಲಿ ಊರು ಅಂದರೆ ಅದೇ. ಸರ್ವೆಗೆ ಹೋದಾಗ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಕೂತು, ಅಲ್ಲಿಯ ಜನ ಏನು ತಿನ್ನುತ್ತಾರೋ ಅದನ್ನೇ ತರಿಸಿಕೊಂಡು ತಿಂದರೆ ಅರ್ಧ ಊರು ತಿಳಿದ ಹಾಗೆ ಅನ್ನುವುದು ಅವರ ನಂಬಿಕೆ.

ಹಾಗಂತ ಎಪ್ಕಾಟನ್ನು ಅವರು ತಳ್ಳಿಹಾಕಲಿಲ್ಲ. ನಾನೂ ಹಾಕುವುದಿಲ್ಲ. ಆ ಸಂಜೆ ನಮ್ಮ ಇಡೀ ಪ್ರವಾಸದಲ್ಲೇ ಚೆಂದದ ಸಂಜೆ. ನಾರ್ವೆಯ ಬೇಕರಿಯಲ್ಲಿ ಸ್ಕೂಲ್ ಬ್ರೆಡ್ ಅಂತ ಒಂದು ಬನ್ ಸಿಗುತ್ತದೆ. ನಡುವೆ ಕಸ್ಟರ್ಡ್, ಮೇಲೆ ಹುರಿದ ಕೊಬ್ಬರಿ ತುರಿ. ತಟ್ಟೆ ಮೇಜಿನ ಮೇಲೆ ಬಂದ ಕೂಡಲೇ ಅಮ್ಮ, 'ಏಲಕ್ಕಿ!' ಅಂದಳು. ಹೌದು, ಆ ಹಿಟ್ಟಿನಲ್ಲಿ ಏಲಕ್ಕಿ ಇರುತ್ತದೆ. ಹಿಮದ ನಾಡಿನವರು ಬನ್ನಿಗೆ ಏಲಕ್ಕಿ ಹಾಕುತ್ತಾರೆ ಅನ್ನುವುದು ಅವಳಿಗೆ ದೊಡ್ಡ ಆಶ್ಚರ್ಯ. ಮೊಟ್ಟೆ ಇದೆ ಅಂತ ತಿನ್ನಲಿಲ್ಲ, ಮೂಗಿನ ಹತ್ತಿರ ಹಿಡಿದುಕೊಂಡು ಕೊಟ್ಟಳು. ಅಪ್ಪ ಪೂರ್ತಿ ತಿಂದರು. ಅರಸೀಕೆರೆಯಲ್ಲಿ ನಮಗೆ ತೆಂಗಿನ ತೋಟ ಇದೆ, ಕೊಬ್ಬರಿ ಎಲ್ಲಿ ಕಂಡರೂ ಅಪ್ಪ ಬಾಯಿಗೆ ಹಾಕಿ ನೋಡದೆ ಬಿಡುವುದಿಲ್ಲ. ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲಿನ ಪಟ್ಟಿಯಲ್ಲಿ ಹೆಸರಿನ ಕೆಳಗೆ ಅವಳ ಊರೂ ಇತ್ತು. ಆ ದೇಶಗಳ ಬೀದಿಗಳಲ್ಲಿ ಕೆಲಸ ಮಾಡುವ ಬಹಳಷ್ಟು ಹುಡುಗ ಹುಡುಗಿಯರು ನಿಜವಾಗಲೂ ಆಯಾ ದೇಶದಿಂದಲೇ ಸ್ವಲ್ಪ ಕಾಲಕ್ಕೆ ಅಂತ ಬಂದವರು. ಅಪ್ಪ ಹಿಂದೆ ಕ್ಯೂ ಇಲ್ಲದ ಹೊತ್ತು ನೋಡಿಕೊಂಡು ಹೋಗಿ, ನಿಮ್ಮ ಮನೆಯಲ್ಲಿ ಇದನ್ನು ಯಾವಾಗ ಮಾಡ್ತಾರೆ ಅಂತ ಕೇಳಿದರು. ಅವಳು 5 ನಿಮಿಷ ನಿಂತು ಅವಳಜ್ಜಿಯ ಅಡುಗೆಮನೆಯ ಕಥೆ ಹೇಳಿದಳು. ಮಾತಾಡುತ್ತಾ ಮಾತಾಡುತ್ತಾ ಅವಳ ಮುಖವೇ ಬೇರೆಯಾಯಿತು. ಊರು ಬಿಟ್ಟು ಬಂದವರನ್ನು ಅವರ ಮನೆ ಅಡುಗೆ ಬಗ್ಗೆ ಯಾರಾದರೂ ಕೇಳಿದಾಗ ಆಗುವ ಮುಖ. ನನಗೆ ಗೊತ್ತು ಆ ಮುಖ.

ಜಪಾನ್‌ನಲ್ಲಿ ಕಾಕಿಗೋರಿ ತಗೊಂಡೆವು. ಹೆರೆದ ಐಸು, ಮೇಲೆ ಸಿರಪ್. ಇದು ಜಾತ್ರೆಯ ಐಸೇ ಅಲ್ವಾ ಅಂತ ಅಮ್ಮ ಖುಷಿಯಿಂದ ತಿಂದಳು. ಬಾಯಿ ಕೆಂಪಾಗಿತ್ತು.

ಮೂರನೆಯ ದಿನದ್ದು ಜಾಸ್ತಿ ಹೇಳುವುದಿಲ್ಲ, ಒಂದು ಊಟದ ವಿಷಯ ಬಿಟ್ಟು. ಅನಿಮಲ್ ಕಿಂಗ್‌ಡಮ್‌ನ ಹತ್ತಿರದ ಹೋಟೆಲಿನಲ್ಲಿ ಸನಾ ಅಂತ ರೆಸ್ಟೋರೆಂಟ್ ಇದೆ. ಅಲ್ಲಿಗೆ ಪಾರ್ಕ್ ಟಿಕೆಟ್ ಬೇಡ. ದೊಡ್ಡ ಕಿಟಕಿಗಳ ಆಚೆ ಹುಲ್ಲುಗಾವಲು, ಅದರಲ್ಲಿ ಜಿರಾಫೆ, ಜೀಬ್ರಾ ಓಡಾಡುತ್ತಿರುತ್ತವೆ. ಅಲ್ಲಿಯ ಹೆಸರಾಂತ ತಟ್ಟೆಯಲ್ಲಿ ಐದು ಥರ ರೊಟ್ಟಿ, ಒಂಬತ್ತು ಥರ ಚಟ್ನಿ, ಉಪ್ಪಿನಕಾಯಿ, ರಾಯತ. ನಾನ್, ಕುಲ್ಚಾ, ಪನೀರ್ ಪರಾಠ, ಪಕ್ಕದಲ್ಲಿ ಹುಣಸೆ ಚಟ್ನಿ, ಕೊತ್ತಂಬರಿ ಚಟ್ನಿ. ಅಮ್ಮನಿಗೆ ಮೊಟ್ಟ ಮೊದಲ ಸಲ ನಾನು ಬುಕ್ ಮಾಡಿದ್ದು ಸರಿ ಅನ್ನಿಸಿತು. ಬೆಳ್ಳುಳ್ಳಿ ಉಪ್ಪಿನಕಾಯಿಯನ್ನು ಎರಡನೇ ಸಲ ತರಿಸಿಕೊಂಡಳು. ಅಷ್ಟು ದಿನದಲ್ಲಿ ನೋಡುವುದೂ ತಿನ್ನುವುದೂ ಒಟ್ಟಿಗೇ ಆದದ್ದು ಅಲ್ಲಿ. ಮಗ ಚಟ್ನಿ ನೆಕ್ಕುತ್ತಾ ಜಿರಾಫೆ ಎಣಿಸಿದ, ಯಾರಿಗೂ ಎಲ್ಲಿಗೂ ಓಡುವ ಗಡಿಬಿಡಿ ಇರಲಿಲ್ಲ.

ಹಡಗು

ಹಡಗಿನ ಹೆಸರು ಇಲ್ಲಿ ಬೇಡ. ಅದರ ಹಿಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 'ನಸ್ಸೌ' ಅಂತ ಬರೆದಿತ್ತು. ಅಪ್ಪ ಬಂದರಿನಲ್ಲೇ ಅದನ್ನು ನೋಡಿದರು. ಹಡಗು ನೋಂದಣಿ ಆಗಿರುವುದು ಬಹಾಮಾಸ್ ದೇಶದಲ್ಲಿ, ಹಾಗಾಗಿ ಆ ದೇಶದ ರಾಜಧಾನಿಯ ಹೆಸರು ಅಂತ ನನ್ನ ಗಂಡ ವಿವರಿಸಿದ. 'ಸರಿ ಬಿಡಿ, ಹಡಗಿನ ಸ್ವಂತ ಊರಿಗೇ ಹೋಗ್ತಾ ಇದೀವಿ' ಅಂದರು ಅಪ್ಪ. ಅವರಿಗೆ ನಸ್ಸೌ ನೋಡುವ ಆಸೆ ಹುಟ್ಟಿದ್ದು ಅಲ್ಲಿಯೇ ಅಂತ ಈಗ ಅನ್ನಿಸುತ್ತದೆ.

ಅಮ್ಮನ ಚೀಲ ಬಂದರಿನ ಪಾರ್ಕಿಂಗ್‌ನಲ್ಲಿ ಕಾರಿನ ಡಿಕ್ಕಿಯಲ್ಲೇ ಉಳಿಯಿತು. ಮನೆಯಲ್ಲಿ ಮಾಡಿದ ತಿಂಡಿಯನ್ನು ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಒಡೆಯದ ಒಂದು ಚಟ್ನಿಪುಡಿ ಪ್ಯಾಕೆಟ್ ಮಾತ್ರ ಅವಳ ಕೈಚೀಲದಲ್ಲಿ ಬಂತು. ಅವಳು ಮುಖ ಸಣ್ಣ ಮಾಡಿಕೊಂಡಿದ್ದಳು. ಆದರೆ ಹಡಗು ಹತ್ತಿದ ಮೇಲೆ ಊಟಕ್ಕೆ ಕೊರತೆ ಅನ್ನುವ ಮಾತೇ ಇಲ್ಲ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಫೆ, ಈಜುಕೊಳದ ಪಕ್ಕ ಪಿಜ್ಜಾ, ಐಸ್‌ಕ್ರೀಮಿನ ಮಿಷನ್ನು, ರಾತ್ರಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಊಟ. ಎಲ್ಲಕ್ಕೂ ಟಿಕೆಟ್ಟಿನಲ್ಲೇ ದುಡ್ಡು ಕೊಟ್ಟಾಗಿದೆ. ಮೊದಲ ದಿನ ನನ್ನ ಮಗ 6 ಐಸ್‌ಕ್ರೀಮ್ ತಿಂದ.

ರಾತ್ರಿಯ ಊಟಕ್ಕೆ ದಿನವೂ ಅದೇ ಮೇಜು, ಬಡಿಸುವವರೂ ಅವರೇ. ನಮ್ಮ ಮೇಜಿಗೆ ಬಂದ ಹುಡುಗ ಕುಂದಾಪುರದ ಕಡೆಯವನು. ಅಪ್ಪ ಅಮ್ಮ ಮಾತಾಡುವುದು ಕಿವಿಗೆ ಬಿದ್ದು, ಕೈಯಲ್ಲಿದ್ದ ತಟ್ಟೆ ಇಟ್ಟು, 'ನಿಮ್ದ್ ಯಾವೂರು ಅಮ್ಮ?' ಅಂದ. ಅಮ್ಮನ ಕಣ್ಣಲ್ಲಿ ನೀರು ಬಂತು. ಅರಸೀಕೆರೆ ಅನ್ನುವುದನ್ನು ಅವನು ರೈಲಿನಲ್ಲಿ ನೋಡಿದ್ದನಂತೆ, ಜಂಕ್ಷನ್ ಅಲ್ವಾ ಅಂದ. ಆಮೇಲೆ ಅವನು ಮೆನು ಕಾರ್ಡನ್ನು ಅಮ್ಮನ ಕೈಗೆ ಕೊಡಲೇ ಇಲ್ಲ. ಅಡುಗೆಮನೆಯಲ್ಲಿ ಹೇಳಿ ದಿನಾ ಏನಾದರೂ ಮಾಡಿಸಿಕೊಂಡು ಬರುತ್ತಿದ್ದ. ಒಂದು ದಿನ ಬೇಳೆ, ಅನ್ನ, ಒಂದು ದಿನ ಆಲೂಗೆಡ್ಡೆ ಪಲ್ಯ. ಅಮ್ಮ ಅದರ ಮೇಲೆ ಚಟ್ನಿಪುಡಿ ಉದುರಿಸಿಕೊಳ್ಳುತ್ತಿದ್ದಳು. ಅವನಿಗೂ ಒಂದು ಚಮಚ ಕೊಟ್ಟಳು.

ಅವನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನ ಕೆಲಸದ ಒಪ್ಪಂದ 8 ತಿಂಗಳದ್ದು. ಅಷ್ಟು ದಿನವೂ ವಾರದ ರಜೆ ಅಂತ ಒಂದಿಲ್ಲ. ಹಡಗಿನ ಕೆಲಸಗಾರರಿಗೆ ಅಂತ ಇರುವ ಅಂತರರಾಷ್ಟ್ರೀಯ ಒಪ್ಪಂದದಲ್ಲೂ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು ಅಂತ ಇದೆ. ಅಂದರೆ ಕೆಲವು ದಿನ 14 ಗಂಟೆಯವರೆಗೂ ದುಡಿಸಬಹುದು ಅಂತ. ಅವನಿಗೆ ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಕ್ಕರೆ, ಹಡಗು ಬಂದರಿನಲ್ಲಿದ್ದರೆ, ಇಳಿದು ಊರಿಗೆ ಹೋಗುತ್ತಿದ್ದ. ಇದನ್ನು ಈಗಲೇ ಹೇಳಿಬಿಡುತ್ತಿದ್ದೇನೆ, ಮುಂದಿನದ್ದಕ್ಕೆ ಬೇಕು.

ಮೆಟ್ಟಿಲು

ನಸ್ಸೌ ಬಂದ ಬೆಳಿಗ್ಗೆ ಬಂದರಿನಲ್ಲಿ ನಮ್ಮದೂ ಸೇರಿ ನಾಲ್ಕು ಹಡಗು ನಿಂತಿದ್ದವು. ತುಂಬಾ ಜನ ಇಳಿಯಲೇ ಇಲ್ಲ. ಈಜುಕೊಳ ಖಾಲಿ ಇರುತ್ತದೆ ಅಂತ ಅಲ್ಲೇ ಉಳಿದುಕೊಳ್ಳುತ್ತಾರೆ. ನನ್ನ ಗಂಡ, ಮಗ, ಅಮ್ಮ ಅವರೂ ಉಳಿದರು, ಅಮ್ಮನಿಗೆ ಮಂಡಿ ನೋವು. ನಾನು ಅಪ್ಪ ಇಳಿದೆವು.

ಅಪ್ಪ ಮೊದಲು ನೋಡಿದ್ದು ರಸ್ತೆಯನ್ನು. ಗಾಡಿಗಳು ಎಡಗಡೆ ಹೋಗುತ್ತವೆ, ನಮ್ಮ ಹಾಗೆ. ಆದರೆ ಎಷ್ಟೋ ಕಾರುಗಳ ಸ್ಟಿಯರಿಂಗೂ ಎಡಗಡೆಯೇ. 'ರಸ್ತೆ ಬ್ರಿಟಿಷರದ್ದು, ಕಾರು ಅಮೆರಿಕದ್ದು' ಅಂದರು. ಸರಿಯಾಗಿಯೇ ಹೇಳಿದರು. 1973ರ ಜುಲೈ 10ರವರೆಗೆ ಆ ದೇಶ ಬ್ರಿಟಿಷರ ಕೈಯಲ್ಲಿತ್ತು. ಗುಲಾಬಿ ಬಣ್ಣದ ಪಾರ್ಲಿಮೆಂಟ್ ಕಟ್ಟಡಗಳ ಮುಂದೆ ಇವತ್ತಿಗೂ ವಿಕ್ಟೋರಿಯಾ ರಾಣಿಯ ಪ್ರತಿಮೆ ಕೂತಿದೆ. ಅಲ್ಲಿಂದ ಏರು ರಸ್ತೆಯಲ್ಲಿ ಇಪ್ಪತ್ತು ನಿಮಿಷ ನಡೆದು ಕ್ವೀನ್ಸ್ ಸ್ಟೇರ್‌ಕೇಸ್ ಅನ್ನುವ ಜಾಗಕ್ಕೆ ಹೋದೆವು.

ಆ ಜಾಗದ ಬಗ್ಗೆ ಬರೆಯುವುದು ಕಷ್ಟ. ಎರಡೂ ಕಡೆ ಎತ್ತರದ ಸುಣ್ಣಕಲ್ಲಿನ ಗೋಡೆ, ನಡುವೆ ಇಕ್ಕಟ್ಟಿನ ದಾರಿ, ಬಿಸಿಲಿಂದ ಒಳಗೆ ಕಾಲಿಟ್ಟ ಕೂಡಲೇ ತಣ್ಣಗಾಗುತ್ತದೆ. ಎದುರಿಗೆ ಕಡಿದಾದ ಮೆಟ್ಟಿಲು. 1793-94ರ ಹೊತ್ತಿಗೆ ಗುಲಾಮರ ಕೈಯಲ್ಲಿ ಇಡೀ ಬಂಡೆಯನ್ನು ಕಡಿಸಿ ಮಾಡಿಸಿದ್ದು, ಮೇಲಿರುವ ಫಿಂಕ್ಯಾಸಲ್ ಕೋಟೆಯಿಂದ ಕೆಳಗೆ ಊರಿಗೆ ಇಳಿಯಲು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರಲ್ಲಿ, ಮೆಟ್ಟಿಲು ಕಡಿದು ನಲವತ್ತು ವರ್ಷ ದಾಟಿದ ಮೇಲೆ. ಹೆಸರು ಮಾತ್ರ ರಾಣಿಯದ್ದು. ಜನ ಇದನ್ನು 66 ಮೆಟ್ಟಿಲು ಅನ್ನುತ್ತಾರೆ. ಅಪ್ಪ ಎಣಿಸಿದರು, 65. ಇಳಿದು ಬಂದು ಮತ್ತೆ ಎಣಿಸಿದರು, 65. ಕೆಳಗಿನ ಒಂದು ಮೆಟ್ಟಿಲು ರಸ್ತೆಯ ಅಡಿ ಮುಚ್ಚಿಹೋಗಿದೆ ಅಂತ ಅಲ್ಲಿದ್ದ ಗೈಡ್ ಒಬ್ಬರು ಹೇಳಿದರು. ಅಪ್ಪ ಗೋಡೆಯ ಹತ್ತಿರ ಹೋಗಿ ಉಳಿಯ ಗುರುತಿನ ಮೇಲೆ ಅಂಗೈ ಇಟ್ಟು ಬಹಳ ಹೊತ್ತು ನಿಂತರು. ಕಲ್ಲು, ಗಡಿ, ಅಳತೆ ಇವುಗಳ ನಡುವೆಯೇ ಆಯಸ್ಸು ಕಳೆದವರು. ಇಷ್ಟು ಕಲ್ಲನ್ನು ಕೈಯಲ್ಲಿ ತೆಗೆಯುವುದೆಂದರೆ ಏನು ಅಂತ ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಏನೂ ಮಾತಾಡಲಿಲ್ಲ.

ಮೇಲೆ ಹತ್ತಿದರೆ ಹಡಗಿನ ಮೂತಿಯ ಹಾಗಿರುವ ಆ ಸಣ್ಣ ಕೋಟೆ. ಅದರ ಹತ್ತಿರ ಸಾಲಾಗಿ ಅಂಗಡಿಗಳು, ಹುಲ್ಲಿನ ಚೀಲ, ಟೋಪಿ, ಮಣಿಸರ. ಕೊನೆಯಲ್ಲಿ ಒಬ್ಬ ಹೆಂಗಸು ಮೇಜಿನ ಮೇಲೆ ಎಳನೀರು ರಾಶಿ ಹಾಕಿಕೊಂಡು ಕೂತಿದ್ದರು. ಪಕ್ಕದ ಡಬ್ಬಿಯಲ್ಲಿ ಮನೆಯಲ್ಲಿ ಮಾಡಿದ ಕಾಯಿಯ ಸಿಹಿ ತಿಂಡಿ, ನಮ್ಮ ಕಾಯಿ ಹೋಳಿಗೆಯ ಹೂರಣವನ್ನು ಬೇಯಿಸಿದ ಹಿಟ್ಟಿನಲ್ಲಿ ಇಟ್ಟ ಹಾಗೆ. ಅಪ್ಪ ಎಳನೀರನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ತೊಟ್ಟಿನ ಕಡೆ ತಿರುಗಿಸಿ ನೋಡಿದರು. ಆ ಹೆಂಗಸು ನಕ್ಕರು. ತಿಳಿದವರು ಎತ್ತುವ ರೀತಿ ಅವರಿಗೂ ಗೊತ್ತಾಯಿತು ಅಂತ ಕಾಣುತ್ತದೆ. ಒಂದಕ್ಕೆ 5 ಡಾಲರ್. ಅಮೆರಿಕದ ಡಾಲರೇ ಅಲ್ಲೂ ನಡೆಯುತ್ತದೆ, ಅದಕ್ಕೂ ಬಹಾಮಾಸ್‌ನ ಡಾಲರಿಗೂ ಬೆಲೆ ಒಂದೇ.

ನಾನು ಗಡಿಯಾರ ನೋಡಿದೆ. ಒಂದು ಮುಕ್ಕಾಲು. ಹಡಗಿನ ಬಫೆ ಎರಡೂವರೆಗೆ ಮುಚ್ಚುತ್ತದೆ. 'ಅಪ್ಪ, ಲೇಟಾಗತ್ತೆ. ಹಡಗಲ್ಲಿ ಊಟಕ್ಕೆ ಆಗಲೇ ದುಡ್ಡು ಕೊಟ್ಟಾಗಿದೆ. ಇಲ್ಲಿ ಯಾಕೆ ಸುಮ್ನೆ?' ಅಂದೆ. ಇವೇ ಮಾತು. ಈಗಲೂ ಕಿವಿಯಲ್ಲಿದೆ. ಅಪ್ಪ ಎಳನೀರನ್ನು ಎಲ್ಲಿಂದ ಎತ್ತಿದ್ದರೋ ಅಲ್ಲೇ ಇಟ್ಟು, ಆ ಹೆಂಗಸಿಗೆ ಕೈ ಮುಗಿದು, ನನ್ನ ಹಿಂದೆ ಬಂದರು. ಕೈಯಲ್ಲಿ ಹಿಡಿದುಕೊಂಡು ಹೋಗೋಣ ಅಂದರೂ ಆಗುವುದಿಲ್ಲ, ಕಾಯಿ ಹಣ್ಣು ಏನನ್ನೂ ಹಡಗಿನೊಳಕ್ಕೆ ಬಿಡುವುದಿಲ್ಲ. ಕೆಳಗೆ ಇಳಿಯುವಾಗ ಅವರು ಮೆಟ್ಟಿಲು ಎಣಿಸಲಿಲ್ಲ.

ಎರಡೂಕಾಲು ಗಂಟೆಗೆ ಹಡಗು ಸೇರಿದೆವು. ಪಾಸ್ತಾ ತಿಂದೆವು.

ಆ ರಾತ್ರಿ ಊಟಕ್ಕೆ ಕೂತಾಗ ಕುಂದಾಪುರದ ಹುಡುಗ ನೀರು ಬಗ್ಗಿಸುತ್ತಾ, 'ಊರಲ್ಲಿ ಎಂತ ತಿಂದ್ರಿ ಅಪ್ಪಯ್ಯ?' ಅಂತ ಕೇಳಿದ. ಅಪ್ಪ ನನ್ನ ಕಡೆ ನೋಡಲಿಲ್ಲ. ಇಲ್ಲಪ್ಪ, ಟೈಮ್ ಆಗಲಿಲ್ಲ ಅಂದರು. ಅವನಿಗೆ ನಿಜವಾಗಲೂ ಬೇಜಾರಾಯಿತು. ತಾನು ಬಿಡುವು ಸಿಕ್ಕಾಗಲೆಲ್ಲ ಅರವಾಕ್ ಕೇ ಅನ್ನುವ ಕಡೆ ಮೀನಿನ ಅಂಗಡಿಗಳ ಸಾಲಿಗೆ ಹೋಗುತ್ತೇನೆ, ಅಲ್ಲಿ ಬಾಳೆಹಣ್ಣು ಕರಿದು ಕೊಡುತ್ತಾರೆ, ಸೀಬೆಹಣ್ಣು ಹಾಕಿ ಬೇಯಿಸಿದ ಡಫ್ ಅಂತ ಒಂದು ಸಿಹಿ ಮಾಡುತ್ತಾರೆ, ಬಿಸಿ ಬಿಸಿ ಇರುವಾಗ ತಿನ್ನಬೇಕು ಅಂತೆಲ್ಲ ಹೇಳಿದ. ಎರಡು ಗಂಟೆ ಬಿಡುವಿನಲ್ಲಿ, ದಣಿದ ಕಾಲಲ್ಲಿ ಅಷ್ಟು ದೂರ ನಡೆದು ಹೋಗಿ ಒಂದು ಊರಿನ ರುಚಿ ನೋಡಿ ಬರುವ ಹುಡುಗ. ದಿನವಿಡೀ ರಜೆಯಲ್ಲಿದ್ದ ನನಗೆ ಟೈಮ್ ಇರಲಿಲ್ಲ.

ಮರುದಿನ ಹಡಗು ಕಂಪನಿಯ ಸ್ವಂತ ದ್ವೀಪ. ಬಿಳಿ ಮರಳು, ಚೆಂದದ ನೀರು, ಮಗ ಮೀನು ನೋಡಿ ಕೂಗಾಡಿದ. ಊಟ ಅಲ್ಲಿಗೂ ಹಡಗಿನಿಂದಲೇ ಬಂತು. ತೆಂಗಿನ ಮರಗಳಿದ್ದವು, ಅಪ್ಪ ಒಂದರ ಕೆಳಗೆ ಕೂತಿದ್ದರು.

ಕೊಟ್ಟಾದ ದುಡ್ಡು

ಇದನ್ನು ಎಷ್ಟೋ ಸಲ ಯೋಚನೆ ಮಾಡಿದ್ದೇನೆ. ಎಪ್ಕಾಟ್‌ನಲ್ಲಿ ನಾವು ಯಾವ ದೇಶಕ್ಕೂ ಹೋಗದೆ ದೇಶ ದೇಶದ ತಿಂಡಿ ತಿಂದೆವು. ನಸ್ಸೌನಲ್ಲಿ ನಿಜವಾದ ದೇಶದ ನೆಲದ ಮೇಲೆ ನಾಲ್ಕು ಗಂಟೆ ಓಡಾಡಿ ಒಂದು ತುತ್ತೂ ತಿನ್ನದೆ ಬಂದೆವು. ಎರಡೂ ಕಡೆ ಅಪ್ಪ ಒಂದೇ ಥರ ಇದ್ದರು. ಕೌಂಟರಿನ ಆಚೆ ನಿಂತವರ ಜೊತೆ ಮಾತಾಡಬೇಕು, ಅವರು ಮಾಡಿದ್ದನ್ನು ತಿನ್ನಬೇಕು. ಬದಲಾದದ್ದು ನಾನು. ಪಾರ್ಕಿನಲ್ಲಿ ಪ್ರತಿ ತಿಂಡಿಗೂ ಜೇಬಿನಿಂದ ದುಡ್ಡು ತೆಗೆಯುತ್ತಿದ್ದೆ, ಆದ್ದರಿಂದ ಇದು ಬೇಕಾ ಅಂತ ಮನಸ್ಸಿಟ್ಟು ನೋಡುತ್ತಿದ್ದೆ. ಹಡಗಿನಲ್ಲಿ ದುಡ್ಡು ಮುಂಚೆಯೇ ಹೋಗಿತ್ತು. ಹೋದ ದುಡ್ಡು ಎಲ್ಲಿ ದಂಡ ಆಗುತ್ತದೋ ಅನ್ನುವ ಚಿಂತೆ ನನ್ನನ್ನು 65 ಮೆಟ್ಟಿಲಿನ ತಲೆಯಿಂದ ಎಳೆದುಕೊಂಡು ಬಂತು. ಆವತ್ತು ನನಗೆ ಹಸಿವೂ ಇರಲಿಲ್ಲ.

ಬಹಾಮಾಸ್‌ನ ಜನ ತಿನ್ನುವ ಆಹಾರದಲ್ಲಿ ಹೆಚ್ಚಿನದ್ದು ಹೊರಗಿನಿಂದ ಹಡಗಿನಲ್ಲೇ ಬರುತ್ತದೆ ಅಂತ ಆಮೇಲೆ ಓದಿದೆ. ಅಕ್ಕಿ, ಹಿಟ್ಟು, ಎಲ್ಲ. ಪ್ರವಾಸಿಗಳೇ ಆ ದೇಶದ ಮುಖ್ಯ ಬದುಕು. ಇದನ್ನು ಓದಿದ ಮೇಲೆ ಆ ಮೇಜಿನ ಮೇಲಿದ್ದ ಎಳನೀರಿನ ರಾಶಿ ಇನ್ನಷ್ಟು ಚುಚ್ಚುತ್ತದೆ. ಅದು ಅಲ್ಲೇ ಬೆಳೆದ ಕಾಯಿ. ಆ ತಿಂಡಿಯ ಹಿಟ್ಟು ಎಲ್ಲಿಂದಲೋ ಬಂದಿರಬಹುದು, ಮಾಡಿದ ಕೈ ಆ ಊರಿನದ್ದು. ಬೆಳಿಗ್ಗೆಯಿಂದ ನಾಲ್ಕು ಹಡಗಿನಿಂದ ಇಳಿದ ಜನ ಆ ಹೆಂಗಸಿನ ಮುಂದೆ ಹಾದು ಹೋಗಿದ್ದರು. ಅವರಲ್ಲಿ ಎಷ್ಟೋ ಜನ ನನ್ನ ಹಾಗೆ ಗಡಿಯಾರ ನೋಡಿಕೊಂಡೇ ಇಳಿದಿರುತ್ತಾರೆ. ಅಲ್ಲಿ ನಿಂತು ಒಂದು ಕಾಯಿ ಕುಡಿದಿದ್ದರೆ ಹತ್ತು ನಿಮಿಷ. ಅಪ್ಪ ಆಕೆಯನ್ನು ಕೇಳುತ್ತಿದ್ದರು, ಮರಕ್ಕೆ ಎಷ್ಟು ಕಾಯಿ ಬಿಡುತ್ತದೆ, ಗಾಳಿ ಮಳೆಗೆ ಏನು ಮಾಡುತ್ತೀರಿ, ನಿಮ್ಮಲ್ಲೂ ಹುಳದ ಕಾಟ ಇದೆಯಾ ಅಂತ. ನಾನು ನಡುವೆ ನಿಂತು ಇಂಗ್ಲಿಷಿನಲ್ಲಿ ಹೇಳಬೇಕಾಗುತ್ತಿತ್ತು. ಅರ್ಧ ಗಂಟೆಯೇ ಆಗುತ್ತಿತ್ತು. ಆಗಲಿ ಅಂತ ಬಿಡಬೇಕಿತ್ತು.

ಜನವರಿಯ ಆ ಮಧ್ಯಾಹ್ನ ನೋಟ್‌ಬುಕ್ ಹಿಡಿದುಕೊಂಡೇ ಜಗಲಿಗೆ ಹೋದೆ. ಅಪ್ಪ ಕುರ್ಚಿಯಲ್ಲಿ ಕೂತಿದ್ದರು. 'ಅಪ್ಪ, ಆವತ್ತು ಆ ಎಳನೀರು ಕುಡೀಬೇಕು ಅಂತ ನಿಮಗೆ ತುಂಬಾ ಇತ್ತಾ?' ಅಂತ ಕೇಳಿದೆ. ಅವರಿಗೆ ಯಾವುದು ಅಂತ ನೆನಪು ಮಾಡಿಕೊಳ್ಳಬೇಕಾಗಲಿಲ್ಲ.

'ಬಾಯಾರಿಕೆಗೆ ಅಲ್ಲ ಕಣಮ್ಮ. ಅದು ಸಮುದ್ರದ ದಂಡೆ, ಕಲ್ಲು ನೆಲ. ನಮ್ಮದು ಕೆಂಪು ಮಣ್ಣು. ನೀರು ಉಪ್ಪು ಇರತ್ತಾ, ಸಿಹಿ ಇರತ್ತಾ ಅಂತ ನೋಡ್ಬೇಕಿತ್ತು' ಅಂದರು.

ನಾನು ಏನೂ ಹೇಳಲಿಲ್ಲ. ಅವರು ಎದ್ದು, ಬೆಳಿಗ್ಗೆ ತೋಟದಿಂದ ತಂದು ಮೂಲೆಯಲ್ಲಿ ಇಟ್ಟಿದ್ದ ಎಳನೀರಲ್ಲಿ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು. ಅದನ್ನು ಇಟ್ಟು ಇನ್ನೊಂದು ಎತ್ತಿದರು. ಮಚ್ಚು ಎಲ್ಲಿಟ್ಟೆ ಅಂತ ಅಮ್ಮನನ್ನು ಕೂಗಿ ಕೇಳಿದರು.